ನೇರ ಕೂದಲಿನ ಸೊಸೆ

ಮುಳಬಾಗಿಲಿನಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನನ್ನಿಂದ ಒಂದು ಹಾಡನ್ನೂ ಹೇಳಿಸಿಕೊಂಡರು. ಸಂಬಂಧ ಕುದುರಿತು ಎಂದು ಅಪ್ಪ ಅಂದುಕೊಳ್ಳುವ ಹೊತ್ತಿಗೆ ಗಂಡಿನ ತಾಯಿ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ತಂಬಿಗೆ ಹಿಡಿದು ಹಿಂದೆಯೇ ಹೋದ ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದರು:

“ಹುಡುಗಿ ಲಕ್ಷಣವಾಗವ್ಳೆ ಕಣಮ್ಮ. ಆದ್ರೆ ಆ ತಲೆ ಏನಮ್ಮ ಅದು, ಕುರಿ ತುಪ್ಪಟ ಇದ್ದಂಗೈತೆ. ಗುಂಗುರು ಕೂದಲವ್ರಿಗೆ ಹಟ ಜಾಸ್ತಿ ಅಂತಾರೆ. ನಮ್ಮ ಹುಡುಗ ಸಾಧು.”

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅದು ಹೊಸ ಮಾತೇನಲ್ಲ. ಶ್ರೀನಿವಾಸಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಹುಡುಗರು ನನ್ನನ್ನು ಕುರಿ ಎಂದೇ ಕರೆಯುತ್ತಿದ್ದರು. ನನ್ನ ಕೂದಲು ಅಲೆಅಲೆಯಾಗಿ ಇಳಿಯುವ ಚೆಂದದ ಗುಂಗುರಲ್ಲ. ಒಂದೊಂದು ಎಳೆಯೂ ಸ್ಪ್ರಿಂಗಿನಂತೆ ಸುತ್ತಿಕೊಂಡು, ಎಷ್ಟು ಹರಳೆಣ್ಣೆ ಹಚ್ಚಿ ಬಾಚಿದರೂ ಸಂಜೆಯ ಹೊತ್ತಿಗೆ ಎದ್ದು ನಿಲ್ಲುತ್ತಿತ್ತು. ಜಡೆ ಹೆಣೆದರೆ ಭುಜ ದಾಟುತ್ತಿರಲಿಲ್ಲ. ಅಪ್ಪನ ತಾಯಿಗೂ ಹೀಗೇ ಇತ್ತಂತೆ. ಆದರೆ ಆ ಕಾಲದಲ್ಲಿ ಅವರಿಗೆ ಎಂಟು ವರ್ಷಕ್ಕೇ ಮದುವೆಯಾಗಿತ್ತು. ತಲೆಯನ್ನು ಯಾರೂ ಅಷ್ಟಾಗಿ ನೋಡಿರಲಿಲ್ಲ.

ನನಗೆ ಹದಿನಾರು ನಡೆಯುತ್ತಿತ್ತು. ಮುಳಬಾಗಿಲಿನದು ಕೈತಪ್ಪಿದ ಮೊದಲನೆಯ ಸಂಬಂಧವಾಗಿರಲಿಲ್ಲ. ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು, ಇಬ್ಬರದೂ ಅಮ್ಮನ ಹಾಗೆ ರೇಷ್ಮೆಯಂಥ ಕೂದಲು. ಆ ರಾತ್ರಿ ಅಪ್ಪ ಊಟಕ್ಕೆ ಕೂತವರು, “ದೊಡ್ಡದರದ್ದು ಆಗ್ದಲೆ ಚಿಕ್ಕವುಕ್ಕೆ ಹೆಂಗೆ ನೋಡೋದು,” ಎಂದಷ್ಟೇ ಹೇಳಿ ಎದ್ದರು. ಮಾರನೆಯ ವಾರ ನನ್ನನ್ನು ಕೋಲಾರಕ್ಕೆ, ದೊಡ್ಡಮ್ಮನ ಮನೆಗೆ ಕಳಿಸಿದರು.

ದೊಡ್ಡಮ್ಮ ಅಮ್ಮನ ಅಕ್ಕ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಕೆಲಸದಲ್ಲಿ ಗಂಡಸರನ್ನು ಮೀರಿಸುವವರು. ದೊಡ್ಡಪ್ಪ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಟ್ಟೆ ಸೋಪು ಮಾಡಿ ಸಂತೆಗಳಿಗೆ ಕಳಿಸುತ್ತಿದ್ದರು. ಅಲ್ಲಿ ದೊಡ್ಡ ದೊಡ್ಡ ಕಬ್ಬಿಣದ ಬಾಂಡಲಿಗಳಲ್ಲಿ ಹೊಂಗೆ ಎಣ್ಣೆಯನ್ನೂ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನೂ ಸೇರಿಸಿ ಕುದಿಸುತ್ತಿದ್ದರು. ಶೆಡ್ಡಿನ ಕೆಲಸದವರ ಮೊಣಕೈವರೆಗೆ ಒಂದು ರೋಮವೂ ಇರುತ್ತಿರಲಿಲ್ಲ. ಒಂದು ಸಲ ಕಂಬಳಿಯ ಚೂರೊಂದು ಆ ನೀರಿಗೆ ಬಿದ್ದು, ತೆಗೆದಾಗ ಅದರ ಉಣ್ಣೆಯ ಸುಕ್ಕೆಲ್ಲ ಬಿಟ್ಟು ನೀಟಾಗಿ ಜೋತುಬಿದ್ದಿದ್ದನ್ನು ದೊಡ್ಡಮ್ಮ ನೋಡಿದ್ದರಂತೆ. ಅಲ್ಲಿಂದ ಅವರಿಗೆ ಒಂದು ಯೋಚನೆ ಹೊಳೆದಿತ್ತು. ಅದನ್ನು ನನಗಿಂತ ಮುಂಚೆ ಇನ್ಯಾರ ತಲೆಯ ಮೇಲಾದರೂ ಮಾಡಿ ನೋಡಿದ್ದರೋ ಇಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ.

“ಹೆದರ್ಕೋಬೇಡ ನಾ ತಲ್ಲಿ,” ಎಂದರು. “ಸ್ವಲ್ಪ ಚುರುಚುರು ಅಂತದೆ. ತಡ್ಕೋಬೇಕು. ಹೆಣ್ಣಾಗಿ ಹುಟ್ಟಿದ್ಮೇಲೆ ಇಷ್ಟು ತಡ್ಕೊಳ್ಳಕ್ಕಾಗಲ್ವಾ?”

ಮೊದಲು ನೆತ್ತಿಗೆ, ಕಿವಿಗೆ, ಹಣೆಯ ಅಂಚಿಗೆಲ್ಲ ಹರಳೆಣ್ಣೆಯನ್ನು ಗಟ್ಟಿಯಾಗಿ ಮೆತ್ತಿದರು. ಪಿಂಗಾಣಿ ಬೋಗುಣಿಯಲ್ಲಿ ಅಕ್ಕಿ ಗಂಜಿ ಇತ್ತು. ಕಾಸ್ಟಿಕ್ ಕರಗಿಸಿದ ನೀರನ್ನು ಅದಕ್ಕೆ ಸುರಿದು ಬಿದಿರು ಕಡ್ಡಿಯಿಂದ ತಿರುವಿದರು. ನೀರು ಒಲೆಯಿಲ್ಲದೆ ತಾನಾಗಿಯೇ ಕಾದು ಹಬೆಯಾಡುತ್ತಿದ್ದುದನ್ನು ನೋಡಿ ನಾನು ಹಿಂದಕ್ಕೆ ಸರಿದು ಕೂತೆ. ಮುದ್ದೆ ಆರಿದ ಮೇಲೆ ಕೈಗೆ ಎಣ್ಣೆಬಟ್ಟೆ ಸುತ್ತಿಕೊಂಡು ಎಳೆ ಎಳೆಗೂ ಹಚ್ಚಿ, ಮರದ ಬಾಚಣಿಗೆಯಿಂದ ಕೆಳಕ್ಕೆ ಎಳೆಯುತ್ತ ಹೋದರು.

ಮೊದಲು ತಣ್ಣಗಿತ್ತು. ಆಮೇಲೆ ಇರುವೆ ಹರಿದ ಹಾಗೆ. ಆಮೇಲೆ ತಲೆಯ ಮೇಲೆ ಕೆಂಡದ ಬಾಣಲಿ ಬೋರಲು ಹಾಕಿದ ಹಾಗೆ. ನಾನು ಏಳಲು ಹೋದರೆ ದೊಡ್ಡಮ್ಮ ಮೊಣಕಾಲಿನಿಂದ ನನ್ನ ಬೆನ್ನನ್ನು ಒತ್ತಿ ಹಿಡಿದರು. “ಈಗ ತೊಳೆದ್ರೆ ಅರ್ಧಂಬರ್ಧ ಆಗ್ತದೆ. ಇನ್ನೊಂಚೂರು, ಇನ್ನೊಂಚೂರು,” ಎನ್ನುತ್ತಲೇ ಇದ್ದರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಂಡರೆ ಕಣ್ಣಿಗೆ ಸೋಡಾ ತಾಗೀತೆಂದು ಕೈಗಳನ್ನು ಸೆರಗಿನಿಂದ ಕಟ್ಟಿದ್ದರು. ಕೊನೆಗೆ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಕೊಡಗಟ್ಟಲೆ ನೀರು ಸುರಿದು, ಹುಳಿ ಮಜ್ಜಿಗೆ ಹಾಕಿ ತಿಕ್ಕಿ, ಮತ್ತೆ ನೀರು ಸುರಿದರು.

ಕೂದಲು ಒಣಗಿದ ಮೇಲೆ ಕನ್ನಡಿ ಕೊಟ್ಟರು. ನನ್ನ ಬೆನ್ನಿನ ಮೇಲೆ, ಸೊಂಟದ ಹತ್ತಿರಕ್ಕೆ, ನೇರವಾದ ಕಪ್ಪು ಕೂದಲು ಇಳಿದಿತ್ತು. ಅಷ್ಟು ಉದ್ದ ನನ್ನದೇ ಕೂದಲು ಎಂದು ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಅದೆಲ್ಲ ಸುರುಳಿಯೊಳಗೆ ಅಡಗಿತ್ತು. ಕಿವಿಯ ಹಿಂದೆ ಬೊಬ್ಬೆಗಳು ಎದ್ದಿದ್ದವು. ಆದರೂ ನಾನು ಆ ಸಂಜೆಯೆಲ್ಲ ಜಡೆಯನ್ನು ಹಿಂದಕ್ಕೂ ಮುಂದಕ್ಕೂ ಹಾಕಿಕೊಂಡು ನೋಡಿಕೊಂಡೆ. ಆ ಸಂತೋಷ ಸುಳ್ಳಲ್ಲ.

ಮಾಲೂರಿನವರು ನನ್ನನ್ನು ನೋಡಿದ್ದು ದೊಡ್ಡಮ್ಮನ ಮನೆಯಲ್ಲೇ. ನನ್ನ ಮಾವನವರಾಗಲಿದ್ದವರಿಗೆ ಮಾಲೂರಿನ ಹೊರಗೆ ಇಟ್ಟಿಗೆ ಗೂಡಿತ್ತು. ಮಗ ಅದನ್ನು ನೋಡಿಕೊಳ್ಳುತ್ತಿದ್ದರು. ಅತ್ತೆಯಾಗಲಿದ್ದವರು ನನ್ನ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಕೂದಲು ಚೆನ್ನಾಗೈತೆ. ಹೆಣ್ಣಿಗೆ ಅದೇ ಒಡವೆ,” ಎಂದರು. ದೊಡ್ಡಮ್ಮ ನನ್ನತ್ತ ನೋಡಲಿಲ್ಲ. ಅಮ್ಮ ನೆಲ ನೋಡುತ್ತಿದ್ದರು. ವೈಶಾಖದಲ್ಲಿ ಮದುವೆಯಾಯಿತು. ಮದುವೆಯ ಎಣ್ಣೆಶಾಸ್ತ್ರದ ದಿನ ನನ್ನ ತಲೆಗೆ ಬೇರೆ ಯಾರೂ ಕೈ ಹಾಕದ ಹಾಗೆ ದೊಡ್ಡಮ್ಮನೇ ನಿಂತು ನೋಡಿಕೊಂಡರು.

ನಾನು ಗಂಡನ ಮನೆಗೆ ಹೊರಡುವಾಗ ಅವರು ಒಂದು ಪುಟ್ಟ ಪಿಂಗಾಣಿ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನ ತಳದಲ್ಲಿಟ್ಟರು. ಅದರೊಳಗೆ ಬಿಳಿ ಬಿಳಿ ಚೂರುಗಳು, ಕಲ್ಲುಪ್ಪಿನಂತೆ.

“ಬುಡದಲ್ಲಿ ಹೊಸ ಕೂದಲು ಹುಟ್ತದಲ್ಲ, ಅದು ಗುಂಗುರೇ ಬರ್ತದೆ. ಎರಡು ತಿಂಗಳಿಗೊಂದ್ಸಲ ಬುಡಕ್ಕೆ ಮಾತ್ರ ಹಚ್ಕೋ. ಯಾರ ಕಣ್ಣಿಗೂ ಬೀಳಬಾರದು.”

“ಎಷ್ಟು ದಿನ ದೊಡ್ಡಮ್ಮ?” ಎಂದೆ.

“ಎಷ್ಟು ದಿನ ಅಂದ್ರೆ?” ಎಂದರು ಅವರು. ನಾನು ಏನು ಕೇಳುತ್ತಿದ್ದೇನೆಂದು ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಮಾಲೂರಿನ ಮನೆ ಚೆನ್ನಾಗಿತ್ತು. ಅತ್ತೆ ಗದರುವವರಲ್ಲ, ಹೊಟ್ಟೆ ತುಂಬ ಉಣ್ಣಿಸುವವರು. ಒಂದೇ ಒಂದು ವಿಷಯದಲ್ಲಿ ಅವರು ಬಿಡುತ್ತಿರಲಿಲ್ಲ. ಇಟ್ಟಿಗೆ ಗೂಡಿನ ಕೆಂಪು ಧೂಳು ಗಾಳಿ ಬೀಸಿದರೆ ಮನೆಯೊಳಗೇ ಬರುತ್ತಿತ್ತು; ಆದ್ದರಿಂದ ವಾರಕ್ಕೊಂದು ಸಲ ಮನೆಯ ಹೆಂಗಸರೆಲ್ಲ ಸೀಗೆಕಾಯಿ ಹಾಕಿ ತಲೆ ಸ್ನಾನ ಮಾಡಲೇಬೇಕು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಸೊಸೆಯ ಉದ್ದ ಕೂದಲಿಗೆ ತಾವೇ ಎಣ್ಣೆ ಒತ್ತಿ ನೀರು ಹಾಕುವುದು ಅವರಿಗೊಂದು ಆಸೆ.

“ಬಾರಮ್ಮಿ, ಕೂತ್ಕೋ. ನಾನು ಹಾಕ್ತೀನಿ.”

“ಬೇಡಿ ಅತ್ತೆ, ನಂಗೆ ನಾಚ್ಕೆ. ನಾನೇ ಹಾಕ್ಕೋತೀನಿ.”

ವಾರ ವಾರವೂ ಆ ನೆಪ ನಡೆಯಿತು. ಹೊಸ ಸೊಸೆಯ ನಾಚಿಕೆಗೆ ಎಲ್ಲರೂ ನಗುತ್ತಾರೆ. ಆದರೆ ಬೆರಳಿನಿಂದ ಬೈತಲೆ ಮುಟ್ಟಿಕೊಂಡರೆ ಬುಡದಲ್ಲಿ ಒರಟಾದ ಉಣ್ಣೆ ಮೊಳೆಯುತ್ತಿರುವುದು ನನಗೆ ತಿಳಿಯುತ್ತಿತ್ತು. ಎಲ್ಲಿ, ಯಾವಾಗ ಹಚ್ಚಿಕೊಳ್ಳುವುದು? ಆ ಮನೆಯಲ್ಲಿ ಬಚ್ಚಲ ಬಾಗಿಲಿಗೆ ಅಗುಳಿಯೂ ಇರಲಿಲ್ಲ.

ದಾರಿ ಸಿಕ್ಕಿದ್ದು ನಾನು ಹೊರಗಾದಾಗ. ಮುಟ್ಟಾದ ಹೆಂಗಸರು ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂರಬೇಕು. ಯಾರೂ ಹತ್ತಿರ ಸುಳಿಯುವುದಿಲ್ಲ. ನಾಲ್ಕನೆಯ ದಿನ ತಲೆಗೆ ನೀರು. ಆ ಕೋಣೆಗೆ ಕಿಟಕಿಯಿರಲಿಲ್ಲ. ಒಂದು ಕಡೆ ಬೆರಣಿ, ಇನ್ನೊಂದು ಕಡೆ ಮುರಿದ ಇಟ್ಟಿಗೆ ಅಚ್ಚುಗಳ ರಾಶಿ. ಕುಡಿಯಲು ಕೊಟ್ಟ ಗಂಜಿಯಲ್ಲಿ ಸ್ವಲ್ಪ ಉಳಿಸಿ, ನಾಲ್ಕನೆಯ ದಿನದ ಸ್ನಾನಕ್ಕೆ ತುಸು ಮುಂಚೆ ಭರಣಿಯ ಚೂರು ಕರಗಿಸಿ, ಕನ್ನಡಿಯಿಲ್ಲದೆ ಬೆರಳಂದಾಜಿನಲ್ಲಿ ಬುಡಕ್ಕೆ ಹಚ್ಚಿಕೊಂಡೆ. ದೊಡ್ಡಮ್ಮನ ಮೊಣಕಾಲಿರಲಿಲ್ಲ, ನನ್ನನ್ನು ನಾನೇ ಒತ್ತಿ ಹಿಡಿದು ಕೂತೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದೆ. ಹೊರಗೆ ಅತ್ತೆ ಕರುವಿನ ಜೊತೆ ಮಾತಾಡುತ್ತ ಹುಲ್ಲು ಹಾಕುತ್ತಿದ್ದರು.

ಬೆರಳಂದಾಜಿನ ಕೆಲಸ. ಬುಡಕ್ಕೆ ಹಚ್ಚುವುದು ಹಳೆಯ ನೇರ ಕೂದಲಿಗೂ ತಾಗುತ್ತಿತ್ತು. ಒಂದು ಸಲ ಸುಟ್ಟ ಎಳೆಯನ್ನು ಎರಡನೆಯ ಸಲ, ಮೂರನೆಯ ಸಲ ಸುಟ್ಟರೆ ಅದರೊಳಗೆ ಜೀವ ಎಲ್ಲಿರುತ್ತದೆ? ಹೊಳಪು ಹೋಯಿತು. ಒದ್ದೆಯಾದಾಗ ಕೂದಲು ನೆನೆದ ನೂಲಿನಂತೆ ಎಳೆದಷ್ಟೂ ಹಿಗ್ಗುತ್ತಿತ್ತು. ಒಣಗಿದಾಗ ಹುಲ್ಲಿನಂತೆ ಮುರಿಯುತ್ತಿತ್ತು. ಬಾಚಿದರೆ ಬೇರಿನಿಂದ ಉದುರುತ್ತಿರಲಿಲ್ಲ, ನೆತ್ತಿಯಿಂದ ಒಂದು ಬೆರಳಗಲ ಮೇಲೆ ಪಟಕ್ಕನೆ ತುಂಡಾಗಿ ಉದ್ದಕ್ಕೆ ಕೈಗೆ ಬರುತ್ತಿತ್ತು. ಹಾಗೆ ಬಂದ ಎಳೆಗಳನ್ನೆಲ್ಲ ಸುತ್ತಿ ದಿಂಬಿನ ಗವಸಿನೊಳಗೆ ಬಚ್ಚಿಡುತ್ತ ಹೋದೆ. ಆರು ತಿಂಗಳಾಗುವಷ್ಟರಲ್ಲಿ ಅದರಿಂದಲೇ ಒಂದು ಚೌರಿ ಕಟ್ಟಿದೆ. ನನ್ನ ತಲೆಯಿಂದ ಮುರಿದ ಕೂದಲನ್ನೇ ಮತ್ತೆ ನನ್ನ ತಲೆಗೆ ಕಟ್ಟಿಕೊಂಡು, ತುರುಬು ಹಾಕಿ, ಮೇಲೆ ಸೆರಗು ಹೊದ್ದು ಓಡಾಡತೊಡಗಿದೆ.

ದೀಪಾವಳಿ ಬಂತು. ಮೊದಲನೆಯ ವರ್ಷದ ಸೊಸೆಗೆ ಅತ್ತೆಯೇ ಎಣ್ಣೆ ಹಚ್ಚಬೇಕು. ಅದಕ್ಕೆ ನಾಚಿಕೆಯ ನೆಪ ನಡೆಯುವುದಿಲ್ಲ. ಹಿಂದಿನ ದಿನ ಸಂಜೆ ಹಂಡೆ ತೊಳೆದು, ಸುಣ್ಣ ಹಚ್ಚಿ, ಮಾಲೆ ಕಟ್ಟುತ್ತಿರುವಾಗ ನಾನು, “ಅತ್ತೆ, ನಾನು ಹೊರಗಾದೆ,” ಎಂದುಬಿಟ್ಟೆ. ಅವರ ಮುಖ ಬಾಡಿತು. “ಹೋಗ್ಲಿ ಬಿಡು, ಏನ್ ಮಾಡಕ್ಕಾಯ್ತದೆ,” ಎಂದರು. ಹಬ್ಬದ ಮೂರೂ ದಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಪಟಾಕಿ ಸದ್ದು ಕೇಳಿದೆ. ಅತ್ತೆ ಕಜ್ಜಾಯವನ್ನು ಎಲೆಯಲ್ಲಿಟ್ಟು ದೂರದಿಂದ ಜಾರಿಸಿದರು. “ಬಿಸಿ ಐತೆ, ಈಗ್ಲೇ ತಿನ್ನು,” ಎಂದು ಹೇಳಿ ಹೋದರು. ಆ ಒಳ್ಳೆಯತನವೇ ನನಗೆ ಬಿಗಿಯುತ್ತಿದ್ದ ಹಗ್ಗ. ಕೆಟ್ಟ ಅತ್ತೆಯಾಗಿದ್ದರೆ ಮೋಸ ಮಾಡುವುದು ಸುಲಭವಾಗುತ್ತಿತ್ತು.

ಗಂಡನ ವಿಷಯ ಬೇರೆ. ಅವರು ಕಡಿಮೆ ಮಾತಿನ ಮನುಷ್ಯ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಮಲ್ಲಿಗೆ ತಂದು ತಾವೇ ಮುಡಿಸಲು ಬಂದರು. ಕಿವಿಯ ಹಿಂದಿನ ಹುಣ್ಣಿಗೆ ಅವರ ಬೆರಳು ತಾಗಿತು. ನಾನು ಹಾವು ತುಳಿದವಳಂತೆ ಸರಿದೆ. ಅವರು ಹೂವನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದರು. ಆಮೇಲೆ ಹೂ ತರುತ್ತಿದ್ದರು, ಮುಡಿಸಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ಒಂದೊಂದೇ ಸಾಮಾನು ಅಂಗಡಿಯಿಂದ ಮಾಯವಾಗುತ್ತಿತ್ತು. ಹಡಗಿನಲ್ಲಿ ಬರುತ್ತಿದ್ದ ಕಾಸ್ಟಿಕ್ ನಿಂತುಹೋಗಿ ದೊಡ್ಡಪ್ಪನ ಬಾಂಡಲಿಗಳು ಬೋರಲು ಬಿದ್ದವು. ಕೋಲಾರದಿಂದ ಬಂದ ನೆಂಟರೊಬ್ಬರ ಕೈಯಲ್ಲಿ ದೊಡ್ಡಮ್ಮ ಇನ್ನೊಂದಿಷ್ಟು ಚೂರು ಕಳಿಸಿ, ಇದೇ ಕೊನೆ, ಹಿಡಿತವಾಗಿ ಬಳಸು ಎಂದು ಹೇಳಿಸಿದ್ದರು. ಅದನ್ನು ಭರಣಿಗೆ ತುಂಬಿ, ಟ್ರಂಕಿನಲ್ಲಿ ಕಂಡೀತೆಂದು ಅಡುಗೆಮನೆಯ ಅಟ್ಟದ ಮೇಲೆ, ಹಳೆಯ ಮಡಕೆಗಳ ಹಿಂದೆ ಇಟ್ಟೆ. ಇದು ಮುಗಿದ ಮೇಲೆ ಏನು? ಹಚ್ಚಿದರೂ ಹಾಳು, ಬಿಟ್ಟರೂ ಬಯಲು.

ಎರಡನೆಯ ಚಳಿಗಾಲದಲ್ಲಿ ನಾನು ಹೊರಗಾಗಲಿಲ್ಲ.

ಮನೆಯಲ್ಲಿ ಎಲ್ಲರಿಗೂ ಹಬ್ಬ. ನನಗೆ ಮಾತ್ರ ಒಂದೇ ಲೆಕ್ಕ: ಇನ್ನು ಒಂಬತ್ತು ತಿಂಗಳು ಆ ಹಿತ್ತಲ ಕೋಣೆ ಇಲ್ಲ. ಹೊಟ್ಟೆಯಲ್ಲಿ ಮಗು ಇದೆಯೆಂದು ತಿಳಿದಾಗ ನಾನು ಮೊದಲು ಮುಟ್ಟಿಕೊಂಡದ್ದು ನನ್ನ ಬೈತಲೆಯನ್ನು. ಅಲ್ಲಿ ಗುಂಗುರು ಅರ್ಧ ಬೆರಳು ಬೆಳೆದಿತ್ತು. ಅತ್ತೆ ಕುಣಿದಾಡಿದರು. “ಬಸುರಿ ಹೆಂಗ್ಸು ಬಗ್ಗಿ ಬಗ್ಗಿ ತಲೆಗೆ ನೀರು ಹಾಕ್ಕೋಬಾರ್ದು. ಬರೋ ಶುಕ್ರವಾರದಿಂದ ನಾನೇ ಎಣ್ಣೆ ಹಾಕ್ತೀನಿ. ಇನ್ಮೇಲೆ ನಿನ್ನ ನಾಚ್ಕೆ ಎಲ್ಲ ನಡಿಯಲ್ಲ,” ಎಂದರು.

ಗುರುವಾರ ಬೆಳಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನನಗೆ ಆಸೆಯಾಗಿದೆಯೆಂದು ಅತ್ತೆ ಹಿಂದಿನ ವರ್ಷದ ಒಣ ಅವರೆಕಾಳು ನೆನೆಹಾಕಿ ಬೇಯಲು ಇಟ್ಟಿದ್ದರು. ಎಷ್ಟು ಉರಿ ಹಾಕಿದರೂ ಕಾಳು ಕಲ್ಲಿನಂತಿದೆ ಎಂದು ಒಳಗಿನಿಂದ ಗೊಣಗುವುದು ಕೇಳಿಸುತ್ತಿತ್ತು. ಆಮೇಲೆ ಅಟ್ಟದ ಮೇಲೆ ಮಡಕೆಗಳು ಸರಿದ ಸದ್ದು. ಆಮೇಲೆ ಅವರ ದನಿ:

“ಏನಮ್ಮಿ, ಅಡುಗೆ ಸೋಡಾ ಇಲ್ಲಿಟ್ಟಿದೀಯಾ? ನಾನು ಮನೆಯೆಲ್ಲಾ ಹುಡುಕ್ತಾ ಇದ್ದೆ!”

ಕೈಯಲ್ಲಿದ್ದ ಚೊಂಬು ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ಓಡಿ ಒಳಗೆ ಬರುವಷ್ಟರಲ್ಲಿ ಅವರು ಭರಣಿಯೊಳಗೆ ಒದ್ದೆ ಬೆರಳು ಹಾಕಿ ಒಂದು ಚಿಟಿಕೆ ತೆಗೆದು ಮಡಕೆಗೆ ಉದುರಿಸಿಯಾಗಿತ್ತು. ಮಡಕೆ ಬುಸ್ಸೆಂದು ಉಕ್ಕಿತು. ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಬೆರಗಾಗಿ ನೋಡುತ್ತಿದ್ದರು. “ಇದೇನೇ, ಸೋಪು ಮುಟ್ಟಿದಂಗೆ ಜಾರ್ತದೆ,” ಎನ್ನುತ್ತ ರುಚಿ ನೋಡಲು ಬೆರಳನ್ನು ಬಾಯಿಯ ಹತ್ತಿರ ಒಯ್ದರು.

“ಅತ್ತೆ, ಬೇಡಿ!” ಎಂದು ಕಿರಿಚಿ ಅವರ ಕೈಯನ್ನು ಹೊಡೆದು ಸರಿಸಿದೆ. ಕಾಲಿನಿಂದ ಮಡಕೆಯನ್ನು ಒದ್ದೆ. ಕುದಿಯುವ ಕಾಳು ಒಲೆಯೆಲ್ಲ ಚೆಲ್ಲಿ ಬೂದಿ ಎದ್ದಿತು. ಅತ್ತೆಯ ಕೈ ಹಿಡಿದು ಎಳೆದುಕೊಂಡು ಹೋಗಿ ತೊಟ್ಟಿಯ ನೀರಿಗೆ ಅದ್ದಿ ಅದ್ದಿ ತೊಳೆದೆ, ಮಜ್ಜಿಗೆ ಮಡಕೆಯೊಳಗೆ ಮುಳುಗಿಸಿದೆ, ಮತ್ತೆ ನೀರಿಗೆ ಅದ್ದಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸೊಸೆಗೆ ದೆವ್ವ ಹಿಡಿಯಿತೆಂದು ಅಂದುಕೊಂಡಿರಬೇಕು. ಸ್ವಲ್ಪ ಹೊತ್ತಿಗೆ ಬೆರಳ ತುದಿಗಳು ಕೆಂಪಾಗಿ ಉರಿಯತೊಡಗಿದವು.

“ಅದು ಸೋಪಿನ ಕಾಸ್ಟಿಕ್ಕು ಅತ್ತೆ. ತಿಂದಿದ್ರೆ ಗಂಟಲು ಸುಟ್ಟು ಹೋಗಿರೋದು.”

“ವಿಷಾನಾ?” ಅವರು ಕೈ ಕಿತ್ತುಕೊಂಡರು. “ನಮ್ಮ ಅಟ್ಟದ ಮೇಲೆ ವಿಷ ಯಾಕೆ ಇಟ್ಟೆ? ಯಾರಿಗಿಕ್ಕೋಕೆ?”

ಅವರು ಹಾಗೆ ಯೋಚಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಇನ್ನು ಉಳಿದಿದ್ದು ಒಂದೇ. ಸೆರಗು ಸರಿಸಿ, ತುರುಬು ಬಿಚ್ಚಿ, ಚೌರಿಯನ್ನು ಕಿತ್ತು ಅವರ ಮುಂದೆ ನೆಲದ ಮೇಲಿಟ್ಟೆ. ತಲೆ ಬಗ್ಗಿಸಿ ಕೂತೆ. ನೆತ್ತಿಯ ಮೇಲೆ ಅಲ್ಲಲ್ಲಿ ಕಂದು ಹಕ್ಕಳೆ, ಹಕ್ಕಳೆಯ ನಡುವೆ ಕುರುಚಲು ಗುಂಗುರು, ಅದರ ತುದಿಗೆ ಜೋತಾಡುವ ನಾಲ್ಕಾರು ನೇರ ಎಳೆ. ಒಲೆಯಲ್ಲಿ ಬಿದ್ದ ಕಾಳು ಸೀಯುವ ವಾಸನೆ ಬರುತ್ತಿತ್ತು.

ಎಲ್ಲವನ್ನೂ ಹೇಳಿದೆ. ಮುಳಬಾಗಿಲಿನವರು ಹೇಳಿದ ಮಾತಿನಿಂದ ಹಿಡಿದು ಹೇಳಿದೆ.

“ಹಂಗಾದ್ರೆ ನಾವು ನೋಡಿದ ಹುಡುಗೀನೇ ಬೇರೆ,” ಎಂದರು ಕೊನೆಗೆ. ಎದ್ದು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಎಷ್ಟೋ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದರು, ಹಾಲು ಕುಡಿಯಲು ಲೋಟ ಇಡುತ್ತಿದ್ದರು, ಮಾತಿಲ್ಲ. ನನ್ನನ್ನು ತವರಿಗೆ ಅಟ್ಟುತ್ತಾರೆಂದು ಟ್ರಂಕು ಜೋಡಿಸಿಟ್ಟುಕೊಂಡೆ. ಹೋಗುವುದಾದರೂ ಎಲ್ಲಿಗೆ? ಮದುವೆಯಾಗದ ತಂಗಿಯರಿದ್ದ ಮನೆಗೆ ಬಸುರಿಯಾಗಿ ಹಿಂದಿರುಗಿದರೆ ಅವರ ಬಾಗಿಲೂ ಮುಚ್ಚುತ್ತದೆ. ಇಲ್ಲಿರಲು ಮುಖವಿಲ್ಲ, ಅಲ್ಲಿಗೆ ದಾರಿಯಿಲ್ಲ.

ಗಂಡನಿಗೆ ಅವರ ತಾಯಿಯೇ ಹೇಳಿರಬೇಕು. ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಗೂಡಿನ ಹತ್ತಿರ ಹೋದಾಗ ಅವರು ಹಸಿ ಇಟ್ಟಿಗೆಗಳ ಸಾಲಿನ ನೆರಳಲ್ಲಿ ಕೂತಿದ್ದರು. ಬುತ್ತಿ ಬಿಚ್ಚಲಿಲ್ಲ.

“ದಿಂಬಿನೊಳಗೆ ಕೂದಲು ಸಿಕ್ಕಿತ್ತು ನಂಗೆ. ಹೋದ ವರ್ಷಾನೇ,” ಎಂದರು.

“ಮತ್ತೆ ಯಾಕೆ ಕೇಳಲಿಲ್ಲ?”

“ಏನೋ ಕಾಯಿಲೆ ಅಂದ್ಕೊಂಡೆ. ಕೇಳಿದ್ರೆ ನೀನು ಏನಂತ ಹೇಳ್ತೀಯೋ ಅಂತ ಹೆದರಿಕೆ.” ಬುತ್ತಿಯ ಗಂಟನ್ನು ಪಕ್ಕಕ್ಕೆ ಸರಿಸಿದರು. “ಅದಕ್ಕೂ ಮುಂಚೆ, ನಾನು ಮುಟ್ಟೋದೇ ನಿಂಗೆ ಹಿಡಿಸಲ್ಲ ಅಂದ್ಕೊಂಡಿದ್ದೆ.”

ನಾನು ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತುಬಿಟ್ಟೆ. ಕೆಲಸದವರು ನೋಡಿದರೂ ನಿಲ್ಲಿಸಲಾಗಲಿಲ್ಲ. ಅವರು ಸಮಾಧಾನ ಮಾಡಲು ಬರಲಿಲ್ಲ. ಹೇಗೆ ಎಂದು ಅವರಿಗೆ ಗೊತ್ತಿರಲಿಲ್ಲ. ತಮ್ಮ ತಲೆಯ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು.

ಆ ವಾರವೇ ಅವರು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರು ಕನ್ನಡಕ ಏರಿಸಿ ನೆತ್ತಿ ನೋಡಿ, ಏನು ಹಚ್ಚಿದೆ ಎಂದು ಕೇಳಿ, ನಾನು ಹೇಳಿದ ಮೇಲೆ ಇನ್ನೊಂದು ಸಲ ಕೇಳಿದರು. “ಕೂದಲು ಸತ್ತ ವಸ್ತುನಮ್ಮ, ಹೋದ್ರೆ ಮತ್ತೆ ಬರ್ತದೆ. ಬೇರು ಇರೋದು ಚರ್ಮದೊಳಗೆ. ಚರ್ಮ ಸುಟ್ಟ ಕಡೆ ಬೇರೂ ಸುಟ್ಟಿರ್ತದೆ. ಅಲ್ಲಿ ಬರೋದು ಕಷ್ಟ. ಉಳಿದ ಕಡೆ ಸುಮ್ನೆ ಬಿಟ್ಬಿಡಿ, ಬರ್ತದೆ,” ಎಂದು ಮುಲಾಮು ಕೊಟ್ಟರು. ಸುಮ್ಮನೆ ಬಿಡುವುದು. ನನಗೆ ಅದುವರೆಗೆ ಯಾರೂ ಹೇಳದ ಔಷಧ ಅದು.

ಅತ್ತೆ ಕೊನೆಗೆ ಮಾತಾಡಿದ್ದು ಒಂದು ಶುಕ್ರವಾರ. ಹರಳೆಣ್ಣೆ ಬಟ್ಟಲು ಹಿಡಿದು ಹಿತ್ತಲ ಬಿಸಿಲಿನಲ್ಲಿ ಮಣೆ ಹಾಕಿ, “ಕೂತ್ಕೋ,” ಎಂದರು. ಹಕ್ಕಳೆಗಳನ್ನು ಬಿಟ್ಟು ಬಿಟ್ಟು, ಬೆರಳ ತುದಿಯಿಂದ ಎಣ್ಣೆ ಸವರಿದರು. ಅವರ ಬೆರಳ ಸುಟ್ಟ ಚರ್ಮ ಆಗಿನ್ನೂ ಸುಲಿಯುತ್ತಿತ್ತು.

“ಈ ತಲೆ ಇಟ್ಕೊಂಡು ನಾಲ್ಕು ಜನದ ಮುಂದೆ ಹೆಂಗೆ ನಿಂತ್ಕೋತೀಯೆ?” ಎಂದರು. “ಕತ್ತರಿಸಿಬಿಡೋಣ ಅಂದ್ರೆ, ಮುತ್ತೈದೆ. ಅದೂ ಬಸುರಿ, ಕತ್ತಿ ತಾಗಿಸಂಗಿಲ್ಲ. ನಾನೊಂದು ಹರಕೆ ಹೊತ್ತೀನಿ. ಹೆರಿಗೆ ಸುಸೂತ್ರ ಆದ್ರೆ ಚಿಕ್ಕತಿರುಪತಿಗೆ ನಿನ್ನ ಮುಡಿ ಕೊಡಿಸ್ತೀನಿ ಅಂತ. ಅಲ್ಲೀಗಂಟ ಸೆರಗು ಸರೀಬಾರ್ದು. ನನ್ನ ಮಾನಾನೂ ಅದರಡಿನೇ ಐತೆ ಅಂತ ನೆನಪಿಟ್ಕೋ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಗುಟ್ಟು ನನ್ನೊಬ್ಬಳದಾಗಿದ್ದದ್ದು ಈಗ ಇಬ್ಬರದಾಯಿತು, ಅಷ್ಟೇ. ಅಕ್ಕಪಕ್ಕದವರು ಬಂದರೆ ಅವರ ಕಣ್ಣು ಮೊದಲು ನನ್ನ ಸೆರಗಿನ ಮೇಲೆ. ಸೀಮಂತದ ದಿನ ಜಡೆಗೆ ಹೂ ಹೆಣೆಯಲು ಬಂದ ಹೆಂಗಸರನ್ನು, “ಅವ್ಳಿಗೆ ತಲೆಶೂಲೆ, ಭಾರ ತಡಿಯಲ್ಲ,” ಎಂದು ತಡೆದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವರ ಮುಖ ಕೆಂಪಾಗಿದ್ದನ್ನು ನೋಡಿ ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅವರನ್ನೂ ಆ ಕಿಟಕಿಯಿಲ್ಲದ ಕೋಣೆಗೆ ಎಳೆದು ಕೂರಿಸಿಕೊಂಡ ಹಾಗೆ ಅನಿಸುತ್ತಿತ್ತು.

ಹೆರಿಗೆ ತವರಿನಲ್ಲಾಯಿತು. ಗಂಡುಮಗು. ಬಾಣಂತನದಲ್ಲಿ ಅಮ್ಮ ನನ್ನ ತಲೆಯನ್ನು ಮೊದಲ ಸಲ ಬರಿದಾಗಿ ನೋಡಿ ನೀರಿನ ಚೊಂಬನ್ನು ಹಿಡಿದುಕೊಂಡೇ ನಿಂತರು. “ಅಕ್ಕ ಹೇಳಿದ್ಳು ಅಂತ ಸುಮ್ನಾದೆ ಕಣೇ,” ಎಂದರು. ಆಮೇಲೆ ದಿನವೂ ನೀರು ಹಾಕಿದರು, ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಗುವಿಗೆ ಐದು ತಿಂಗಳಾದಾಗ ಎತ್ತಿನ ಗಾಡಿ ಕಟ್ಟಿಸಿ ಚಿಕ್ಕತಿರುಪತಿಗೆ ಹೋದೆವು. ಮುಡಿ ತೆಗೆಯುವವನು ಕತ್ತಿ ಮಸೆದುಕೊಂಡು ನನ್ನ ಸೆರಗು ಸರಿಸಿದವನು ಒಂದು ಕ್ಷಣ ಕೈ ಹಿಂದೆಗೆದ. “ಏನಮ್ಮ ಇದು, ಬೆಂಕಿ ಬಿದ್ದಿತ್ತಾ?” ಎಂದ. “ಹೂಂನಪ್ಪ, ಬಿದ್ದಿತ್ತು. ನೀನು ನಿಧಾನಕ್ಕೆ ತೆಗಿ,” ಎಂದರು ಅತ್ತೆ. ನೇರ ಕೂದಲು, ಗುಂಗುರು, ಎರಡೂ ಒಟ್ಟಿಗೆ ಮಡಿಲಿಗೆ ಉದುರಿದವು. ತಣ್ಣನೆಯ ನೀರು ಬರಿಯ ತಲೆಯ ಮೇಲೆ ಬಿದ್ದಾಗ ಎಲ್ಲೂ ಉರಿಯಲಿಲ್ಲ. ಉರಿಯಲಿಲ್ಲ ಎಂಬುದನ್ನು ನಂಬಲು ಇನ್ನೊಂದು ಚೊಂಬು ಹಾಕಿಸಿಕೊಂಡೆ.

ಊರಿನಲ್ಲಿ ಎಲ್ಲರೂ ದೊಡ್ಡ ಹರಕೆ, ಭಕ್ತಿವಂತ ಸೊಸೆ ಎಂದರು. ನಾವಿಬ್ಬರೂ ತಲೆಯಾಡಿಸಿದೆವು. ಕೂದಲು ಬಂತು, ಹುಟ್ಟಿನಲ್ಲಿ ಇದ್ದ ಹಾಗೆಯೇ, ಒತ್ತಾಗಿ, ಸುರುಳಿ ಸುರುಳಿಯಾಗಿ. ನೆತ್ತಿಯ ನಡುವೆ ಒಂದು ರೂಪಾಯಿ ಅಗಲದ ಜಾಗ ಮತ್ತು ಎಡಗಿವಿಯ ಹಿಂದೆ ಒಂದು ಪಟ್ಟಿ ಮಾತ್ರ ನುಣ್ಣಗೆ ಉಳಿದವು. ಮುಡಿ ಕೊಟ್ಟ ಮೇಲೆ ಕೂದಲು ಗುಂಗುರಾಗಿ ಹುಟ್ಟಿತೆಂದು ನೆರೆಯವರು ಬೆರಗುಪಟ್ಟರು. ಅದು ದೇವರ ಮಹಿಮೆಯೆಂದು ಒಬ್ಬರು ಹೇಳಿದಾಗ ಅತ್ತೆ ಸರಕ್ಕನೆ ಒಳಗೆ ಹೋದರು. ನಗುತ್ತಿದ್ದರೋ, ಬೇಸರಪಟ್ಟರೋ ನಾನು ಕೇಳಲಿಲ್ಲ.

ದೊಡ್ಡಮ್ಮ ಮಗುವನ್ನು ನೋಡಲು ಬಂದವರು ನನ್ನ ತಲೆ ನೋಡಿ ಲೊಚಗುಟ್ಟಿದರು. “ಎಂಥಾ ಕೂದಲು ಮಾಡಿ ಕಳಿಸಿದ್ದೆ, ಉಳಿಸ್ಕೊಳ್ಳಕ್ಕಾಗಲಿಲ್ಲ ನಿನ್ಕೈಲಿ,” ಎಂದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಮುಂಗೈಗಳನ್ನು ನೋಡಿದೆ. ಸೋಪಿನ ಕೆಲಸ ನಿಂತು ಅಷ್ಟು ದಿನವಾದರೂ ಅಲ್ಲಿನ ಚರ್ಮ ಒಂದು ರೋಮವೂ ಇಲ್ಲದೆ ಹೊಳೆಯುತ್ತಿತ್ತು. ಅವರು ನನಗೆ ಕೇಡು ಬಯಸಿದವರಲ್ಲ. ತಮಗೆ ಗೊತ್ತಿದ್ದ ಒಂದೇ ಬಾಗಿಲಿನಿಂದ ನನ್ನನ್ನು ಆಚೆ ನೂಕಿದ್ದರು. “ಕಾಫಿ ಕುಡಿ ದೊಡ್ಡಮ್ಮ,” ಎಂದೆ.

ಅತ್ತೆ ಬದುಕಿರುವವರೆಗೂ ಶುಕ್ರವಾರದ ಎಣ್ಣೆ ಅವರದೇ. ಗುಂಗುರಿನ ಸಿಕ್ಕು ಬಿಡಿಸಲು ಬಾಚಣಿಗೆ ಬಿಟ್ಟು ಬೆರಳು ಬಳಸುವುದನ್ನು ಕಲಿತರು. ಸಿಕ್ಕು ಬಿಡದಾಗ, “ಹಟಮಾರಿ ಕೂದಲು ನಿಂದು,” ಎಂದು ಬೈಯುತ್ತಿದ್ದರು. ನನ್ನ ಗಂಡ ಮಲ್ಲಿಗೆಯನ್ನು ಮತ್ತೆ ತಾವೇ ಮುಡಿಸತೊಡಗಿದ್ದು ಎರಡನೆಯ ಮಗು ಹುಟ್ಟಿದ ಮೇಲೆ. ನೆತ್ತಿಯ ಬೋಳು ಜಾಗ ಮುಚ್ಚುವ ಹಾಗೆ ಹೂವನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸುತ್ತಿದ್ದರು.

ಅವರಿಬ್ಬರೂ ಈಗಿಲ್ಲ. ನನಗೆ ವಯಸ್ಸಾಗಿ ಕೂದಲು ಬೆಳ್ಳಗಾಗಿದೆ. ಆದರೂ ಯಾರಾದರೂ ಹಿಂದಿನಿಂದ ಬಂದು ತಲೆ ಮುಟ್ಟಿದರೆ ಕುತ್ತಿಗೆ ತಾನಾಗಿಯೇ ಬಗ್ಗುತ್ತದೆ, ಕೈಗಳು ಮಡಿಲಿನಲ್ಲಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೊಮ್ಮಕ್ಕಳಿಗೆ ಅದೊಂದು ತಮಾಷೆ. ನಾನು ನಗುತ್ತೇನೆ, ಕೈ ಬಿಡಿಸಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಬೇಕಾಗುತ್ತದೆ.